ಹಳೆಯ ಮೋಟಾರಿನ ಗಾದಿ

ಇತಿಹಾಸಕಾರರು ರಥವನ್ನು ಕುರಿತು ಬರೆಯುವಾಗ ಗಾಲಿ, ಅಚ್ಚು, ನೊಗ, ಕುದುರೆ ಇವುಗಳನ್ನು ವರ್ಣಿಸುವರು. ರಥವನ್ನೇರಿದ ಅರಸನ ವಂಶಾವಳಿಯನ್ನೂ ಬಿಡದೆ ಹೇಳುವರು. ಆದರೆ ಆ ಅರಸನು ಯಾತರ ಮೇಲೆ ಕುಳಿತಿದ್ದನು, ಅವನ ಕೆಳಗಿನ ಹಾಸನ್ನು ನೆಯ್ದವರಾರು, ಅದು ಹರಿದಾಗ ಹೊಲಿದವರಾರು ಎಂಬುದನ್ನು ವಿಚಾರಿಸುವವರು ವಿರಳ. ಕುಳಿತವನ ಹೆಸರು ಶಾಸನದಲ್ಲಿ ಉಳಿಯಿತು. ಕೂಡಿಸಿದವರ ಹೆಸರು ಉಳಿಯಲಿಲ್ಲ. ಈ ಕೊರತೆಯು ನನ್ನ ಲಕ್ಷ್ಯಕ್ಕೆ ಬಂದದ್ದು ಯಾವ ಗ್ರಂಥವನ್ನೋದುವಾಗಲೂ ಅಲ್ಲ. ಒಂದು ಹಳೆಯ ಮೋಟಾರಿನ ಹರಿದ ಗಾದಿಯನ್ನು ಬಿಚ್ಚುವದನ್ನು ನೋಡುತ್ತ ನಿಂತಾಗ. ಆ ಪ್ರಸಂಗವನ್ನೂ, ಅದರ ನಿಮಿತ್ತವಾಗಿ ನಾನು ಕೂಡಿಹಾಕಿದ ಕೆಲವು ಸಂಗತಿಗಳನ್ನೂ ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಬಾಗಲಕೋಟೆಯಲ್ಲಿ ನನ್ನ ಬಹುಕಾಲದ ಮಿತ್ರರೊಬ್ಬರಿದ್ದಾರೆ. ಅವರ ತೀರ್ಥರೂಪರು ವೈದ್ಯರು. ೧೯೬೧ ರಲ್ಲಿ ಅವರು ಒಂದು ಅಂಬಾಸಡರ್ ಮೋಟಾರನ್ನು ಕೊಂಡರು. ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳಿಗೆ ಹಗಲು ರಾತ್ರಿಯೆನ್ನದೆ ಅದು ತಿರುಗಿತು. ಹೆರಿಗೆಯ ಬೇನೆ ತಿನ್ನುತ್ತಿದ್ದ ಹೆಣ್ಣುಮಕ್ಕಳನ್ನೂ, ಹಾವು ಕಚ್ಚಿದ ರೈತರನ್ನೂ, ಜ್ವರದಿಂದ ಬಡಬಡಿಸುವ ಕೂಸುಗಳನ್ನೂ ಅದರ ಹಿಂದಿನ ಗಾದಿಯ ಮೇಲೆ ಮಲಗಿಸಿಕೊಂಡು ತಂದರು. ವೈದ್ಯರು ತೀರಿಕೊಂಡು ಎಷ್ಟೋ ವರ್ಷಗಳಾದವು. ಮೋಟಾರು ಮಾತ್ರ ಹಿತ್ತಲ ತಗಡಿನ ಚಪ್ಪರದಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಈಚೆಗೆ ಅದಕ್ಕೆ ಮರುಜೀವ ಕೊಡಬೇಕೆಂಬ ಹುರುಪು ಮನೆಯವರಲ್ಲಿ ಹುಟ್ಟಿತು. ಮಿಸ್ತ್ರಿಯೊಬ್ಬನು ಯಂತ್ರವನ್ನು ಸರಿಪಡಿಸಿದನು, ಬಣ್ಣವೂ ಆಯಿತು. ಇಷ್ಟರವರೆಗೆ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಜಗಳವು ಹುಟ್ಟಿದ್ದು ಗಾದಿಯಲ್ಲಿ.

ಮಿತ್ರರ ಮಗನು ಹಳೆಯ ಗಾದಿಯನ್ನೆಲ್ಲ ಕಿತ್ತು ಎಸೆದು, ಇಂದಿನ ಮೋಟಾರುಗಳಲ್ಲಿರುವಂತೆ ಮೆತ್ತನೆಯ ಫೋಮನ್ನು ಹಾಕಿಸಬೇಕೆಂದನು. ಸೊಸೆಯು ಇಳಕಲ್ಲಿನ ಮಗಳು. ತನ್ನ ಊರಿನ ಕೈಮಗ್ಗದ ಬಟ್ಟೆಯನ್ನೇ ಹೊದಿಸಬೇಕೆಂದಳು. ನನ್ನ ಮಿತ್ರರಾದರೋ, ಅಪ್ಪನು ಕುಳಿತ ಗಾದಿಗೆ ಕತ್ತರಿಯನ್ನೇ ಮುಟ್ಟಿಸಕೂಡದೆಂದು ಹಟ ಹಿಡಿದರು. ಮೂರು ಮತಗಳಾದವು. ನಾಲ್ಕನೆಯವರು ಮನೆಯ ಹಿರಿಯರಾದ ವೈದ್ಯರ ಪತ್ನಿ, ವಯಸ್ಸು ಎಂಬತ್ತೆಂಟು. ಅವರು ಏನೂ ಹೇಳದೆ, “ಮಾಸ್ತರನ್ನ ಕರೀರಿ. ಹಳೇದ್ರಾಗ ಏನು ಇಟ್ಕೋಬೇಕು, ಏನು ಬಿಡಬೇಕು ಅನ್ನೂದು ಅವರಿಗೆ ಗೊತ್ತಿರತೈತಿ” ಅಂದರಂತೆ. ಯಂತ್ರದ ಗಂಧವಿಲ್ಲದ ನನ್ನನ್ನು ಪಂಚನನ್ನಾಗಿ ಮಾಡಿದ್ದು ಹೀಗೆ. ನಾನು ತೀರ್ಪು ಕೊಡಲು ಅವಕಾಶ ಬೇಡಿಕೊಂಡು ಮನೆಗೆ ಬಂದು, ನನಗೆ ತಿಳಿದ ದಾರಿಯಿಂದಲೇ, ಎಂದರೆ ಪುಸ್ತಕಗಳ ದಾರಿಯಿಂದ, ವಿಚಾರಕ್ಕೆ ತೊಡಗಿದೆನು.

ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಷ್ಟಾಧ್ಯಾಯಿಯನ್ನು ಬಾಯಿಪಾಠ ಮಾಡಿದವನು ನಾನು. ಪಾಣಿನಿಯು ರಥದ ಹೊದಿಕೆಗಾಗಿಯೇ ಮೂರು ಸೂತ್ರಗಳನ್ನು ಮೀಸಲಿಟ್ಟಿದ್ದಾನೆಂಬುದು ಆಗ ಬಾಯಿಗೆ ಬಂದಿದ್ದರೂ ಬುದ್ಧಿಗೆ ಬಂದಿರಲಿಲ್ಲ. ನಾಲ್ಕನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ೧೦, ೧೧, ೧೨ ನೆಯ ಸೂತ್ರಗಳನ್ನು ನೋಡಬೇಕು. ವೃತ್ತಿಕಾರರು ಕೊಡುವ ಉದಾಹರಣೆಗಳ ಪ್ರಕಾರ, ಬಟ್ಟೆಯಿಂದ ಸುತ್ತಲೂ ಹೊದಿಸಿದ ರಥವು ‘ವಾಸ್ತ್ರ’. ಕಂಬಳಿಯಿಂದ ಹೊದಿಸಿದ್ದು ‘ಕಾಂಬಲ’. ತೊಗಲಿನಿಂದ ಹೊದಿಸಿದ್ದು ‘ಚಾರ್ಮಣ’. ಅರಸರ ಹಾಸಿಗೆಗೆ ಯೋಗ್ಯವಾದ ಪಾಂಡುಕಂಬಲವೆಂಬ ಬೆಲೆಯುಳ್ಳ ಕಂಬಳಿಯಿಂದ ಹೊದಿಸಿದ್ದಾದರೆ ‘ಪಾಂಡುಕಂಬಲೀ’. ಚಿರತೆಯ ತೊಗಲಿನದು ‘ದ್ವೈಪ’, ಹುಲಿಯ ತೊಗಲಿನದು ‘ವೈಯಾಘ್ರ’. ಅಮರಸಿಂಹನೂ ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ಈ ಶಬ್ದಗಳನ್ನು ಸಂಗ್ರಹಿಸಿದ್ದಾನೆ. ಇವು ಕೇವಲ ಕೂಡುವ ಸ್ಥಳದ ಮಾತುಗಳಲ್ಲ, ಇಡೀ ರಥದ ಹೊದಿಕೆಯ ಮಾತುಗಳು ನಿಜ. ಆದರೂ ಒಂದು ಸಂಗತಿಯು ಇದರಿಂದ ಸ್ಪಷ್ಟವಾಗುವದು. ಎರಡು ಸಾವಿರ ವರ್ಷಗಳಿಗೂ ಹಿಂದೆ, ಹೊದಿಕೆಯ ಭೇದದಿಂದಲೇ ರಥದ ಹೆಸರು ಭೇದವಾಗುತ್ತಿತ್ತು. ಹೊದಿಕೆಯು ಅಲಂಕಾರವಾಗಿರಲಿಲ್ಲ, ಅದು ವಾಹನದ ಗುರುತಾಗಿತ್ತು.

ಇದೇ ಸೂತ್ರದ ಮೇಲೆ ಕಾಶಿಕಾವೃತ್ತಿಯು ಒಂದು ಸ್ವಾರಸ್ಯವಾದ ಪ್ರತ್ಯುದಾಹರಣೆಯನ್ನು ಕೊಡುತ್ತದೆ. ವಿದ್ಯಾರ್ಥಿಗಳು ಸುತ್ತುವರಿದು ನಿಂತ ರಥಕ್ಕೆ ಈ ಪ್ರತ್ಯಯವು ಹತ್ತುವದಿಲ್ಲ. ಯಾಕಂದರೆ ಎಲ್ಲ ಅವಯವಗಳನ್ನೂ ಬಿಡದೆ ಮುಚ್ಚಿದರೆ ಮಾತ್ರ ಅದು ‘ಪರಿವೃತ’. ನಮ್ಮ ಗುರುಗಳು ಇದನ್ನು ಹೇಳುವಾಗ, ತಮ್ಮ ಸುತ್ತಲೂ ಗದ್ದಲ ಮಾಡುತ್ತ ಕುಳಿತ ನಮ್ಮನ್ನು ನೋಡಿ, “ಈ ಹೊದಿಕೆಗೆ ಶಾಸ್ತ್ರದಲ್ಲಿ ಪ್ರತ್ಯಯವಿಲ್ಲ” ಎಂದು ನಗುತ್ತಿದ್ದರು. ಕಾಶಿಕಾವೃತ್ತಿಯ ಕಾಲವನ್ನು ವಿದ್ವಾಂಸರು ಕ್ರಿಸ್ತಶಕ ಏಳನೆಯ ಶತಮಾನವೆಂದು ಹೇಳುತ್ತಾರೆ. ಅದು ನಮ್ಮ ಬಾದಾಮಿಯಲ್ಲಿ ಚಲುಕ್ಯರು ಆಳುತ್ತಿದ್ದ ಕಾಲ. ಹಾಗಾದರೆ ಆ ಚಲುಕ್ಯರ ರಥಗಳು ಕಾಂಬಲಗಳೋ, ಚಾರ್ಮಣಗಳೋ? ಈ ಪ್ರಶ್ನೆಯನ್ನು ಕೇಳಿಕೊಂಡು ನಾನು ಒಂದು ದಿನ ಬಾದಾಮಿಗೂ ಪಟ್ಟದಕಲ್ಲಿಗೂ ಹೋಗಿಬಂದೆನು.

ಶಕ ೫೦೦, ಅಂದರೆ ಕ್ರಿಸ್ತಶಕ ೫೭೮ ರಲ್ಲಿ ಕೀರ್ತಿವರ್ಮನ ಆಡಳಿತದಲ್ಲಿ ಸಿದ್ಧವಾದ ಬಾದಾಮಿಯ ಮೂರನೆಯ ಗುಹೆಯಲ್ಲಿ, ಸುರುಳಿಸುತ್ತಿದ ಅನಂತನ ಮೇಲೆ ವಿಷ್ಣುವು ಕುಳಿತಿದ್ದಾನೆ. ಹಾವಿನ ಸುತ್ತುಗಳು ಒಂದರ ಮೇಲೊಂದು ಪೇರಿಸಿದಂತಿವೆ. ಮೋಟಾರಿನ ಗಾದಿಯ ಸ್ಪ್ರಿಂಗುಗಳನ್ನು ತಲೆಯಲ್ಲಿಟ್ಟುಕೊಂಡು ಹೋಗಿದ್ದ ನನಗೆ, ಜಗತ್ತಿನ ಅತ್ಯಂತ ಪುರಾತನವಾದ ಸ್ಪ್ರಿಂಗಿನ ಗಾದಿಯು ಇದೇ ಇರಬೇಕೆಂದು ನಗೆ ಬಂದಿತು. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಮೂಡಣ ಮುಖಮಂಟಪದ ಮಾಳಿಗೆಯಲ್ಲಿ ಸೂರ್ಯನು ತನ್ನ ರಥದಲ್ಲಿದ್ದಾನೆ. ಎಷ್ಟು ಹೊತ್ತು ಕತ್ತೆತ್ತಿ ನೋಡಿದರೂ ಆ ರಥದ ಹೊದಿಕೆ ಯಾವುದೆಂದು ನನಗೆ ತಿಳಿಯಲಿಲ್ಲ. ಕಲ್ಲು ಗಾಲಿಯನ್ನು ಉಳಿಸಿತು, ಕುದುರೆಯನ್ನು ಉಳಿಸಿತು. ಅರಿವೆಯ ಮೆತ್ತನೆಯನ್ನು ಮಾತ್ರ ಉಳಿಸಲಾರದೆ ಹೋಯಿತು. ವಾಹನದಲ್ಲಿ ಮೊಟ್ಟಮೊದಲು ಸವೆಯುವದು ಹೊದಿಕೆ. ಸವೆದದ್ದು ಮೊಟ್ಟಮೊದಲು ಬದಲಾಗುವದು. ಬದಲಾದದ್ದು ಮೊಟ್ಟಮೊದಲು ಮರೆತುಹೋಗುವದು. ನಮಗೆ ಆಸನದ ಇತಿಹಾಸವು ಸಿಗದೆ ಹೋದದ್ದರ ಕಾರಣವು ಇದೇ.

ಹಾಗೆಂದು ನಮ್ಮ ಹಿರಿಯರು ಇದನ್ನು ಅಲ್ಪವಿಷಯವೆಂದು ಎಣಿಸಿದ್ದರೆಂದು ತಿಳಿಯಬಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮೂರನೆಯ ವಿಂಶತಿಯಲ್ಲಿ, ಅನ್ನಕ್ಕೂ ವಸ್ತ್ರಕ್ಕೂ ಪ್ರಕರಣಗಳಿರುವಂತೆ ಆಸನ, ಯಾನ, ಶಯ್ಯೆ ಇವುಗಳಿಗೂ ಬೇರೆ ಬೇರೆ ಪ್ರಕರಣಗಳಿವೆ. ಆದರೆ ಅದು ಅನುಭೋಗಿಸುವವನ ಗ್ರಂಥ, ಮಾಡುವವನ ಗ್ರಂಥವಲ್ಲ. ಮಾಡುವವರ ಹೆಸರನ್ನು ಕೇಳಬೇಕಾದರೆ ಅದೇ ಶತಮಾನದ ಶರಣರ ಕಡೆಗೆ ತಿರುಗಬೇಕು. ಹುನಗುಂದ ತಾಲೂಕಿನ ಕೂಡಲಸಂಗಮವು ಬಸವಣ್ಣನವರ ವಿದ್ಯಾಭೂಮಿ, ಐಕ್ಯಭೂಮಿ. ಅವರ ಸುತ್ತಣ ಶರಣಪರಂಪರೆಯಲ್ಲಿ ಸಮಗಾರ ಹರಳಯ್ಯನಿದ್ದಾನೆ, ಮಾದಾರ ಧೂಳಯ್ಯನಿದ್ದಾನೆ, ಸೂಜಿಕಾಯಕದ ರಾಮಿತಂದೆಯಿದ್ದಾನೆ. ಅವರಿಗಿಂತ ಮುಂಚಿನ ನೇಕಾರ ಜೇಡರ ದಾಸಿಮಯ್ಯನಿದ್ದಾನೆ. ತೊಗಲು, ಸೂಜಿ, ನೂಲು ಈ ಮೂರೂ ಇಲ್ಲಿ ಕೂಡಿದವು. ಗಾದಿಗೆ ಬೇಕಾದದ್ದು ಇನ್ನೇನು? ಕೈಕೆಲಸದವನು ತನ್ನ ಕಸುಬಿನ ಹೆಸರಿನಿಂದಲೇ ಚರಿತ್ರೆಯಲ್ಲಿ ನಿಂತದ್ದು ನಮ್ಮ ನಾಡಿನ ದೊಡ್ಡ ಅಭಿಮಾನದ ಸಂಗತಿಯು. ಅದರ ಮುಂದಿನ ಶತಮಾನಗಳಲ್ಲಿ ಆ ಹೆಸರುಗಳು ಮತ್ತೆ ಅಳಿಸಿಹೋದದ್ದು ಅಷ್ಟೇ ದುಃಖದ ಸಂಗತಿಯು.

ಹೆಸರುಗಳು ಅಳಿದರೂ ಕೈಗಳು ನಿಲ್ಲಲಿಲ್ಲ. ಮೋಟಾರು ಬರುವ ಪೂರ್ವದಲ್ಲಿ ನಮ್ಮ ಸೀಮೆಯ ವಾಹನವೆಂದರೆ ಚಕ್ಕಡಿ, ಸವಾರಿ ಬಂಡಿ, ಪಟ್ಟಣಗಳಲ್ಲಿ ಟಾಂಗಾ. ಇವುಗಳ ಆಸನಕ್ಕೆ ಬೇಕಾದದ್ದೆಲ್ಲವೂ ಹತ್ತು ಹರದಾರಿಯೊಳಗೆ ಸಿಗುತ್ತಿತ್ತು. ಕರಿಯ ನೆಲದಲ್ಲಿ ಬೆಳೆದ ಹತ್ತಿಯನ್ನು ಪಿಂಜಾರನು ತನ್ನ ಬಿಲ್ಲಿನಿಂದ ಹಿಂಜಿ ಗಾದಿ ತುಂಬುತ್ತಿದ್ದನು. ಕುರುಬರು ಕುರಿಯ ಉಣ್ಣೆಯಿಂದ ಕಂಬಳಿಯನ್ನು ನೆಯ್ದು, ಹುಣಸೆಬೀಜದ ಗಂಜಿಯನ್ನು ತೀಡಿ ಬಿಗಿಗೊಳಿಸುತ್ತಿದ್ದರು. ಪಾಣಿನಿಯ ‘ಕಾಂಬಲ’ ರಥಕ್ಕೆ ಇದಕ್ಕಿಂತ ಸಮೀಪದ ಸಂಬಂಧಿಯು ಮತ್ತಾವುದಿದೆ? ಸಮಗಾರನು ತಂಗಡಿಯ ತೊಗಟೆ, ಅಳಲೆಕಾಯಿ ಇವುಗಳಿಂದ ಹದಮಾಡಿದ ತೊಗಲನ್ನು ರಂಪಿಗೆಯಿಂದ ಕೊಯ್ದು ಟಾಂಗಾದ ಗಾದಿಗೆ ಹೊದಿಸುತ್ತಿದ್ದನು. ಇನ್ನು ಬಂಡಿಯಲ್ಲಿ ಹೆಣ್ಣುಮಕ್ಕಳು ಬಸುರಿ ಬಾಣಂತಿಯರು ಹೋಗುವಾಗ ಎಲ್ಲಕ್ಕೂ ಮೇಲೆ ಹಾಸುತ್ತಿದ್ದದ್ದು ಕೌದಿ. ಹಳೆಯ ಸೀರೆ, ಹಳೆಯ ಕುಬಸ, ಹಳೆಯ ಧೋತರ ಇವುಗಳನ್ನು ಪದರಪದರವಾಗಿ ಇಟ್ಟು, ಸಾಲುಸಾಲಾಗಿ ದಾರ ಹಾಕಿ ಹೊಲಿದ ಈ ವಸ್ತುವಿನಲ್ಲಿ ಒಂದು ನೀತಿಯಿದೆ. ಕೌದಿಯು ಹರಿದರೆ ಅದನ್ನು ಎಸೆಯುವ ರೂಢಿಯಿಲ್ಲ. ಅದರ ಮೇಲೆ ಇನ್ನೊಂದು ಪದರವನ್ನು ಹಚ್ಚಿ ಹೊಲಿಯುವರು. ಹಳೆಯದು ಒಳಗೆ ಹೋಗುವದು, ಹೊರಗೆ ಹೋಗುವದಿಲ್ಲ.

ಮೋಟಾರು ನಮ್ಮಲ್ಲಿಗೆ ಬಂದಾಗ ಅದರ ಆಸನವು ಈ ಕೈಗಳಿಗೆ ತೀರ ಅಪರಿಚಿತವಾಗಿರಲಿಲ್ಲ. ಯಾಕಂದರೆ ಯುರೋಪದಲ್ಲಿಯೂ ಮೊದಲಿನ ಮೋಟಾರುಗಳ ಗಾದಿಗಳನ್ನು ಮಾಡಿದವರು ಕುದುರೆಸಾರೋಟುಗಳ ಕೆಲಸಗಾರರೇ. ಮರದ ಇಲ್ಲವೆ ಕಬ್ಬಿಣದ ಚೌಕಟ್ಟು. ಅದರ ಮೇಲೆ ತಂತಿಯ ಸುರುಳಿಗಳು. ಅವುಗಳ ಮೇಲೆ ಗೋಣಿತಟ್ಟು. ಅದರ ಮೇಲೆ ಕುದುರೆಯ ಕೂದಲು, ಹತ್ತಿ. ಎಲ್ಲದರ ಮೇಲೆ ತೊಗಲು. ತೊಗಲು ತುಟ್ಟಿಯಾದದ್ದರಿಂದ ಹತ್ತಿಯ ಬಟ್ಟೆಗೆ ರಾಸಾಯನಿಕ ಲೇಪವನ್ನು ಕೊಟ್ಟು, ತೊಗಲಿನ ಗೆರೆಗಳನ್ನು ಒತ್ತಿದ ಹುಸಿತೊಗಲು ಬಳಕೆಗೆ ಬಂದಿತು. ಇಂಗ್ಲಂಡದಲ್ಲಿ ತಯಾರಾದ ಅಂಥದೊಂದು ಬಟ್ಟೆಯ ವ್ಯಾಪಾರದ ಹೆಸರು ರೆಕ್ಸಿನ್. ಆ ಮೊದಲಿನ ಲೇಪವು ಹೋಗಿ ಪ್ಲಾಸ್ಟಿಕ್ಕಿನ ಲೇಪವು ಬಂದು ಎಷ್ಟೋ ಕಾಲವಾದರೂ, ನಮ್ಮ ಪೇಟೆಯಲ್ಲಿ ಇಂದಿಗೂ ಅದರ ಹೆಸರು ರೆಕ್ಸಿನ್ನೇ. ವಸ್ತುವು ಸತ್ತರೂ ಶಬ್ದವು ಬದುಕುವದಕ್ಕೆ ಇದು ಒಳ್ಳೆಯ ನಿದರ್ಶನವು.

೧೯೫೬ ರ ನವೆಂಬರ ೧ ರವರೆಗೆ ನಮ್ಮ ಸೀಮೆಯು ಮುಂಬಯಿ ಆಡಳಿತಕ್ಕೆ ಸೇರಿದ ವಿಜಾಪುರ ಜಿಲ್ಲೆಯ ಭಾಗ. ಬಾಗಲಕೋಟೆಯು ಬೇರೆ ಜಿಲ್ಲೆಯಾದದ್ದು ೧೯೯೭ ರಲ್ಲಿ. ಆದುದರಿಂದ ನಮಗೆ ಮೋಟಾರಿನ ಹೆಬ್ಬಾಗಿಲು ಮುಂಬಯಿ. ೧೯೨೮ ರಲ್ಲಿಯೇ ಅಮೇರಿಕದ ಜನರಲ್ ಮೋಟರ್ಸ್ ಕಂಪನಿಯು ಅಲ್ಲಿಯ ಶಿವಡಿಯಲ್ಲಿ ಮೋಟಾರುಗಳನ್ನು ಜೋಡಿಸತೊಡಗಿತ್ತು. ಸ್ವದೇಶದ ಹಿಂದೂಸ್ಥಾನ್ ಮೋಟರ್ಸ್ ೧೯೪೨ ರಲ್ಲಿ, ಮುಂಬಯಿಯ ಪ್ರೀಮಿಯರ್ ಕಂಪನಿಯು ೧೯೪೪ ರಲ್ಲಿ ಹುಟ್ಟಿದವು. ಇಂಗ್ಲಂಡದ ಮಾರಿಸ್ ಆಕ್ಸ್‌ಫರ್ಡದ ಮಾದರಿಯಿಂದ ಮೂಡಿದ ಅಂಬಾಸಡರ್ ಮೋಟಾರು ಕಲಕತ್ತೆಯ ಬಳಿಯ ಉತ್ತರಪಾಡೆಯಲ್ಲಿ ೨೦೧೪ ರ ವರೆಗೂ ತಯಾರಾಗುತ್ತಿತ್ತು. ಅದರ ಮೊದಲ ಮಾದರಿಗಳಲ್ಲಿ ಮುಂದೆ ಕೂಡುವವರಿಗೂ ಒಂದೇ ಉದ್ದನೆಯ ಗಾದಿ. ಗೇರಿನ ಕೋಲು ಚಾಲಕಚಕ್ರದ ಕೆಳಗೆ. ಸಂಸಾರಕ್ಕೆಲ್ಲ ಒಂದೇ ಜಮಖಾನೆಯನ್ನು ಹಾಸಿದಂಥ ಈ ಗಾದಿಯು ನಮ್ಮ ದೊಡ್ಡ ಕುಟುಂಬಗಳಿಗೆ ಹೇಳಿ ಮಾಡಿಸಿದಂತಿತ್ತು. ಇತ್ತ ವಿದೇಶಗಳಲ್ಲಿ ೧೯೨೯ ರಲ್ಲಿ ಡನ್ಲಪ್ ಕಂಪನಿಯವರು ರಬ್ಬರಿನ ಹಾಲನ್ನು ನೊರೆಯೆಬ್ಬಿಸಿ ಮೆತ್ತೆಯನ್ನು ಮಾಡಿದರು. ೧೯೩೭ ರಲ್ಲಿ ಜರ್ಮನಿಯ ಆಟೊ ಬಾಯರನು ಪಾಲಿಯುರಿಥೇನ್ ಎಂಬ ದ್ರವ್ಯವನ್ನು ಕಂಡುಹಿಡಿದನು. ಇಂದು ನಾವು ಫೋಮ್ ಎನ್ನುವದು ಹೆಚ್ಚಾಗಿ ಇದರಿಂದಲೇ ಆದದ್ದು. ಇದು ಬಂದ ಮೇಲೆ ಕೂದಲು, ನಾರು, ಹತ್ತಿ ಇವುಗಳ ಪದರಗಳೂ, ಆ ಪದರಗಳನ್ನು ಬಲ್ಲ ಕೈಗಳೂ ಹಿಂದೆ ಬಿದ್ದವು.

ಇಷ್ಟನ್ನು ತಿಳಿದುಕೊಂಡು ನಾನು ಮಿತ್ರರೊಡನೆ ಬಾಗಲಕೋಟೆಯ ಒಂದು ಕುಶನ್ ಅಂಗಡಿಗೆ ಹೋದೆನು. ಅಂಗಡಿಯವನ ಅಜ್ಜನು ಹತ್ತಿ ಹಿಂಜುವ ಪಿಂಜಾರನು. ತಂದೆಯು ಟಾಂಗಾಗಳ ಗಾದಿ ಹೊಲಿದವನು. ಈತನು ಮೋಟಾರು, ಟ್ರ್ಯಾಕ್ಟರುಗಳ ಗಾದಿಯವನು. ನಾನು ಪುಸ್ತಕಗಳಲ್ಲಿ ಹುಡುಕಿದ ಇತಿಹಾಸವೆಲ್ಲವೂ ಒಂದೇ ಮನೆತನದ ಮೂರು ತಲೆಗಳಲ್ಲಿ ಕುಳಿತಿತ್ತು. ಆತನು ಗಾದಿಯನ್ನು ಮೋಟಾರಿನಿಂದ ಇಳಿಸಿ ಬೋರಲು ಹಾಕಿ, ಹೊದಿಕೆಯನ್ನು ಚೌಕಟ್ಟಿಗೆ ಬಿಗಿದ ತಂತಿಯ ಉಂಗುರಗಳನ್ನು ಒಂದೊಂದಾಗಿ ಬಿಚ್ಚಿದನು. ಹರಿದ ಬಟ್ಟೆಯೆಂದು ಕಿತ್ತೆಳೆಯಲಿಲ್ಲ. ಹೊಲಿಗೆಯನ್ನಷ್ಟೇ ಕೊಯ್ದು ತುಂಡುಗಳನ್ನು ಅಂಕೆ ಬರೆದು ಸಾಲಾಗಿ ಇಟ್ಟನು. ಹಳೆಯ ತುಂಡೇ ಹೊಸ ತುಂಡಿಗೆ ಅಳತೆ. ಅದು ಹೋದರೆ ಅಳತೆಯೇ ಹೋಯಿತೆಂದು ಆತನ ವಾದ.

ಪದರಗಳು ತೆರೆದವು. ಎಲ್ಲಕ್ಕೂ ಮೇಲೆ ಈಚಿನ ಕಂದುಬಣ್ಣದ ರೆಕ್ಸಿನ್. ಅದರ ಕೆಳಗೆ ವೈದ್ಯರ ಪತ್ನಿಯು ಹೊಲಿಸಿದ ಬಿಳಿಯ ಹತ್ತಿಬಟ್ಟೆಯ ಗವಸು. ಅದರ ಮೇಲೆ ಎಷ್ಟು ತೊಳೆದರೂ ಹೋಗದ ಮಸುಕಾದ ಕಲೆಗಳು. ಅದರ ಕೆಳಗೆ ಮೂಲದ ಹಸಿರು ಹೊದಿಕೆ. ಆಮೇಲೆ ಹತ್ತಿ, ತೆಂಗಿನ ನಾರು, ಗೋಣಿತಟ್ಟು, ಕೊನೆಗೆ ತಂತಿಯ ಸುರುಳಿಗಳು. ನಾರಿಗೂ ಚೌಕಟ್ಟಿಗೂ ನಡುವಿನ ಸಂದಿನಲ್ಲಿ ಒಂದು ಹತ್ತು ನಯಾಪೈಸೆಯ ನಾಣ್ಯವು ಸಿಕ್ಕಿತು. ಅದರೊಡನೆ ಒಂದು ಹಿಡಿಯಷ್ಟು ಗಾಜಿನ ಬಳೆಯ ಚೂರುಗಳು. ಹಸಿರು, ಕೆಂಪು, ಕಪ್ಪು. ಯಾರೂ ಮಾತಾಡಲಿಲ್ಲ. ಬೇನೆ ತಿನ್ನುವಾಗ ಗಾದಿಯ ಅಂಚನ್ನು ಹಿಡಿದ ಕೈಗಳ ಬಳೆಗಳು ಅವು ಎಂಬುದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಫೋಮಿನ ಮಾತಾಡುತ್ತಿದ್ದ ಹುಡುಗನು ಆ ಚೂರುಗಳನ್ನು ತನ್ನ ಕರವಸ್ತ್ರದಲ್ಲಿ ಕಟ್ಟಿ ಅಜ್ಜಿಗೆ ಒಯ್ದು ಕೊಟ್ಟನು. ಅವರು ಬಹಳ ಹೊತ್ತು ಕೈಯಲ್ಲಿ ಆಡಿಸಿ, “ಯಾವ್ಯಾವ ಹೆಣ್ಣಮಕ್ಕಳ ಬಳಿನೋ ಏನೋ! ಹೊಸಾದ್ದು ಹಾಕಸ್ರಿ, ಒಲ್ಲೆ ಅನ್ನೂದಿಲ್ಲ. ಆದ್ರ ಇವನ್ನ ತಿರುಗಿ ಅಲ್ಲೇ ಇಡ್ರಿ” ಅಂದರು.

ನನ್ನ ತೀರ್ಪಿಗೆ ಇದು ದಾರಿಯನ್ನು ತೋರಿಸಿತು. ಆದರೆ ಸೊಸೆಯ ಇಳಕಲ್ಲಿನ ಬಟ್ಟೆಯ ಮಾತು ಇನ್ನೂ ಉಳಿದಿತ್ತು. ಅದನ್ನು ಕೇಳಲು ನಾವು ಇಳಕಲ್ಲಿಗೆ ಹೋಗಿ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ಒಬ್ಬ ವೃದ್ಧ ನೇಕಾರರ ಮುಂದೆ ವಿಷಯವನ್ನಿಟ್ಟೆವು. ಅವರು ನಕ್ಕು, “ಉಡೂ ಬಟ್ಟಿ ಬ್ಯಾರೆ, ಕೂಡೂ ಬಟ್ಟಿ ಬ್ಯಾರೆ ತಾಯಿ” ಅಂದರು. ಸೀರೆಯ ಬಟ್ಟೆಯು ಮೈಮೇಲೆ ಇಳಿಬೀಳುವದಕ್ಕಾಗಿ ನೆಯ್ದದ್ದು. ಗಾದಿಯ ಮೇಲೆ ಅದನ್ನು ಬಿಗಿಯಾಗಿ ಎಳೆದರೆ ಎಳೆಗಳು ಸರಿದು ಹೊಲಿಗೆಯ ಬಳಿ ಬಾಯಿಬಿಡುವವು. ತಿಕ್ಕಾಟಕ್ಕೆ ರೇಷ್ಮೆಯು ಬೇಗನೆ ಸವೆಯುವದು. ಊರಿನ ಅಭಿಮಾನವು ವಸ್ತುವಿನ ಧರ್ಮವನ್ನು ಬದಲಿಸಲಾರದು. ಹೊರಡುವಾಗ ಅವರು ಮಗ್ಗದ ಮೇಲಿನ ಸೀರೆಯಲ್ಲಿ ಒಡಲೂ ಸೆರಗೂ ಕೂಡುವ ಸ್ಥಳವನ್ನು ತೋರಿಸಿದರು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗಳಿಂದ ಒಂದಕ್ಕೊಂದು ಸಿಗಿಸಿ ಕೂಡಿಸುವರು. ಇದಕ್ಕೆ ತೋಪುತೆನಿ ಎನ್ನುವರು. ಇಲ್ಲಿಗೆ ಒಡಲು ಮುಗಿಯಿತು, ಇಲ್ಲಿಂದ ಸೆರಗು ಮೊದಲಾಯಿತು ಎಂಬುದು ಕಣ್ಣಿಗೆ ಕಾಣುವದು. ಆದರೂ ಸೀರೆಯು ಒಂದೇ. ಕೂಡಿಸಿದ್ದನ್ನು ಮರೆಮಾಚದಿರುವದೇ ಆ ಕೆಲಸದ ಸೌಂದರ್ಯವು. ಸೊಸೆಗೆ ಬಟ್ಟೆಯು ಸಿಗಲಿಲ್ಲ. ನನಗೆ ಮಾತ್ರ ಹುಡುಕುತ್ತಿದ್ದ ನ್ಯಾಯವು ಸಿಕ್ಕಿತು.

ಹಳೆಯ ವಾಹನಗಳ ವಿಷಯದಲ್ಲಿ ಸರಕಾರದ ನಿಯಮವೂ ಈಗ ಇದೆ. ೧೯೮೯ ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ೨೦೨೧ ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ ೫೦ ವರ್ಷಗಳನ್ನು ದಾಟಿ, ಮೂಲರೂಪವನ್ನು ಉಳಿಸಿಕೊಂಡ ಮೋಟಾರನ್ನು ಪುರಾತನ ವಾಹನವೆಂದು ಬೇರೆಯಾಗಿ ನೋಂದಾಯಿಸಬಹುದು. ಅದರ ಚಾಸಿ, ಹೊರಕವಚ, ಇಂಜಿನು ಇವುಗಳಲ್ಲಿ ದೊಡ್ಡ ಮಾರ್ಪಾಟುಗಳಾಗಿರಬಾರದು. ಗಾದಿಯ ಹೆಸರನ್ನು ಇಲ್ಲಿ ಎತ್ತಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಪಾಲಿಯ ಮಿಲಿಂದಪ್ರಶ್ನದಲ್ಲಿ ನಾಗಸೇನ ಭಿಕ್ಷುವು ಯವನರಾಜನನ್ನು, “ಅಚ್ಚು ರಥವೋ? ಗಾಲಿ ರಥವೋ?” ಎಂಬ ಧಾಟಿಯಲ್ಲಿ ಒಂದೊಂದೇ ಅವಯವವನ್ನು ಹಿಡಿದು ಕೇಳುತ್ತ ಹೋಗುವನು, ಆ ಪಟ್ಟಿಯಲ್ಲಿ ಹಗ್ಗವೂ ಚಾವಟಿಯೂ ಬರುವವು, ಕೂಡುವ ಹಾಸು ಬರುವದಿಲ್ಲ. ಕಾನೂನೂ ತತ್ತ್ವಶಾಸ್ತ್ರವೂ ಕೈಬಿಟ್ಟ ವಸ್ತುವನ್ನು ಕಾಯುವ ಹೊಣೆಯು ಮನೆಯವರದೇ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಮೋಟಾರುಗಳನ್ನು ಆದರದಿಂದ ಕಾಯ್ದಿಟ್ಟಿರುವದು ನಾಡಿಗೆ ಭೂಷಣವು. ಆದರೆ ಎಲ್ಲ ಮನೆಗಳ ಮೋಟಾರುಗಳಿಗೂ ಸಂಗ್ರಹಾಲಯದ ಭಾಗ್ಯವಿಲ್ಲ. ಅವು ರಸ್ತೆಗಿಳಿಯಬೇಕು, ಜನರು ಅವುಗಳಲ್ಲಿ ಕೂಡಬೇಕು. ಕೂಡಲಾರದ ಗಾದಿಯು ಗಾದಿಯಲ್ಲ. ನಮ್ಮ ಜಾತ್ರೆಯ ತೇರುಗಳನ್ನೇ ನೋಡಿರಿ. ಕೆಳಗಿನ ಗಡ್ಡೆಯೂ ಗಾಲಿಗಳೂ ತಲೆಮಾರುಗಳಿಂದ ಇದ್ದವು. ಮೇಲಿನ ಅರಿವೆಯು ಮಾತ್ರ ಕಾಲಕಾಲಕ್ಕೆ ಹೊಸದು. ಅರಿವೆ ಹೊಸದಾಯಿತೆಂದು ತೇರು ಬೇರೆಯಾಯಿತೆಂದು ಯಾರೂ ಅನ್ನುವದಿಲ್ಲ. ಜೀರ್ಣೋದ್ಧಾರವೆಂಬ ಶಬ್ದದಲ್ಲಿ ಎರಡೂ ಇವೆ: ಜೀರ್ಣವಾದದ್ದೆಂಬ ಒಪ್ಪಿಗೆ, ಎತ್ತಿ ನಿಲ್ಲಿಸಬೇಕೆಂಬ ಹೊಣೆ.

ಕೊನೆಗೆ ಹೀಗೆ ಗೊತ್ತಾಯಿತು. ತಂತಿಯ ಸುರುಳಿಗಳಲ್ಲಿ ಮುರಿದವುಗಳನ್ನಷ್ಟೇ ಬದಲಿಸುವದು. ಹಳೆಯ ಹತ್ತಿಯನ್ನು ಬಿಸಾಡದೆ ಮತ್ತೊಮ್ಮೆ ಹಿಂಜಿ, ಕಡಿಮೆ ಬಿದ್ದಷ್ಟನ್ನು ಹೊಸದಾಗಿ ಕೂಡಿಸುವದು. ಗೋಣಿತಟ್ಟು ಹೊಸದು. ಬಿಳಿಯ ಗವಸನ್ನು ಅದರ ಕಲೆಗಳ ಸಹಿತ ಒಳಪದರವಾಗಿ, ಕೌದಿಯ ರೀತಿಯಿಂದ ಹೊಲಿಯುವದು. ಮೇಲಿನ ಹೊದಿಕೆಯು ಹೊಸದಾದರೂ ಮೂಲದ ಹಸಿರುಬಣ್ಣದ್ದು, ಮೂಲದ ನಿರಿಗೆಗಳ ಅಳತೆಯದು. ಮುಂದಿನ ಗಾದಿಯ ಬೆನ್ನಿನಲ್ಲಿ ಗಟ್ಟಿಯಾಗಿ ಉಳಿದಿದ್ದ ಹಳೆಯ ಹೊದಿಕೆಯ ಒಂದು ಪಟ್ಟಿಯನ್ನು ಹಾಗೆಯೇ ಬಿಟ್ಟು, ಹೊಸದನ್ನು ಅದಕ್ಕೆ ಕಾಣುವಂತೆ ಹೊಲಿಗೆ ಹಾಕಿ ಕೂಡಿಸುವದು. ಇದು ನಾನು ಇಳಕಲ್ಲಿನಿಂದ ತಂದ ಪಾಠ. ಬಳೆಯ ಚೂರುಗಳನ್ನು ಒಂದು ದಪ್ಪ ಅರಿವೆಯ ಚೀಲದಲ್ಲಿ ಹಾಕಿ ಅವು ಸಿಕ್ಕ ಸಂದಿನಲ್ಲಿಯೇ ಕಟ್ಟಿದರು. ಎಲ್ಲರೂ ಸ್ವಲ್ಪ ಸೋತರು, ಯಾರಿಗೂ ಬೇಸರವಾಗಲಿಲ್ಲ.

ಇಷ್ಟು ದೊಡ್ಡ ಮಾತುಗಳನ್ನಾಡುವ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಆಲಮಟ್ಟಿಯ ಜಲಾಶಯದ ನೀರಿಗೆ ಹಳೆಯ ಬಾಗಲಕೋಟೆಯ ನಮ್ಮ ಓಣಿಯು ಹೋಗುವದೆಂದು ಗೊತ್ತಾಗಿ, ಸಾಮಾನು ಸರಂಜಾಮು ಕಟ್ಟಿಕೊಂಡು ನವನಗರಕ್ಕೆ ಬರುವಾಗ, ನನ್ನ ತಾಯಿಯವರು ಸವಾರಿ ಬಂಡಿಯಲ್ಲಿ ಹಾಸುತ್ತಿದ್ದ ಕೌದಿಯನ್ನು ‘ಚಿಂದಿ’ ಎಂದು ಅಲ್ಲಿಯೇ ಬಿಟ್ಟುಬಂದವನು ನಾನೇ. ಪುಸ್ತಕಗಳ ಗಂಟನ್ನು ಮಾತ್ರ ಜೋಪಾನವಾಗಿ ತಂದೆನು. ಆ ಕೌದಿಯಲ್ಲಿ ನನ್ನ ಅಜ್ಜಿಯ ಸೀರೆಯಿತ್ತು, ತಂದೆಯ ಧೋತರವಿತ್ತು, ನನ್ನ ತೊಟ್ಟಿಲ ಅರಿವೆಯಿತ್ತು. ಪಾಣಿನಿಯ ಮೂರು ಸೂತ್ರಗಳನ್ನು ಬಾಯಿಪಾಠ ಮಾಡಿದವನಿಗೆ ಮನೆಯ ಹೊದಿಕೆಯ ಅರ್ಥವು ತಿಳಿಯಲಿಲ್ಲ. ಆದ್ದರಿಂದ ವಾಚಕರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಹಳೆಯ ಮೋಟಾರಿರಲಿ, ಟಾಂಗಾದ ಗಾದಿಯಿರಲಿ, ಅಜ್ಜನ ಆರಾಮಕುರ್ಚಿಯಿರಲಿ, ಅದನ್ನು ಬಿಚ್ಚಿಸುವ ಮುಂಚೆ ಒಂದು ಚಿತ್ರವನ್ನು ತೆಗೆದಿಡಿರಿ. ಪದರಗಳ ಕ್ರಮವನ್ನು ಬರೆದಿಡಿರಿ. ಮೂಲದ ಬಟ್ಟೆಯ ಗೇಣುದ್ದದ ಚೂರನ್ನಾದರೂ ಕಾಯ್ದಿಡಿರಿ. ಕೆಲಸ ಮಾಡಿದವನ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ಇದಕ್ಕೆ ದುಡ್ಡು ಹತ್ತುವದಿಲ್ಲ.

ಹೊದಿಕೆಯನ್ನು ಬಿಸಿಲಿಗೆ ಒಡ್ಡಿ ಮೆತ್ತಗೆ ಮಾಡಿ, ಇಬ್ಬರು ಹಿಡಿದು ಎಳೆದು ಚೌಕಟ್ಟಿಗೆ ಬಿಗಿಯುವ ದಿನ ನಾನೂ ಅಂಗಡಿಯಲ್ಲಿದ್ದೆನು. ಮುಚ್ಚುವದಕ್ಕೆ ಮುಂಚೆ, ಒಳಗಿನ ಗೋಣಿತಟ್ಟಿನ ಮೇಲೆ ತನ್ನ ಹೆಸರನ್ನೂ ತಂದೆಯ, ಅಜ್ಜನ ಹೆಸರುಗಳನ್ನೂ ದಿನಾಂಕವನ್ನೂ ಬರೆಯುವಂತೆ ಆತನಿಗೆ ಹೇಳಿದೆನು. ಆತನು ಸಂಕೋಚಪಟ್ಟು, “ಒಳಗ ಬರದದ್ದನ್ನ ಯಾರ ನೋಡತಾರ್ರೀ ಮಾಸ್ತರ?” ಎಂದು ಕೇಳಿದನು.

“ಮುಂದ ಇದನ್ನ ಬಿಚ್ಚಾಂವ ನೋಡತಾನಪ್ಪಾ” ಅಂದೆನು.

ಆತನು ಒಂದು ಕ್ಷಣ ಸುಮ್ಮನೆ ನಿಂತು, ಕೈಯನ್ನು ಅಂಗಿಗೆ ಒರಸಿಕೊಂಡು, ದುಂಡಗಿನ ಅಕ್ಷರಗಳಿಂದ ಮೂರು ಹೆಸರುಗಳನ್ನು ಬರೆದನು. ಆಮೇಲೆ ಹೊದಿಕೆಯು ಅದನ್ನು ಮುಚ್ಚಿತು.